ಏನೂ ಕೊಳ್ಳದವರಿಗೆ ಮಾಲ್‌ನಲ್ಲಿ ಏನಿದೆ?

ಮಾಲ್‌ಗಳಲ್ಲಿ ಅಂಗಡಿ ಇಟ್ಟವರಿಗೆ ಒಂದು ದೂರು ಸದಾ ಇರುತ್ತದೆ: ಜನ ಬರುತ್ತಾರೆ, ಅಡ್ಡಾಡುತ್ತಾರೆ, ಫೋಟೊ ಹೊಡೆದುಕೊಳ್ಳುತ್ತಾರೆ, ಬರಿಗೈಯಲ್ಲಿ ಹೋಗುತ್ತಾರೆ. ದಾವಣಗೆರೆಯಂಥ ಊರಲ್ಲಿ ಇದಕ್ಕೆ ಇನ್ನೊಂದು ಮಾತೂ ಸೇರುತ್ತದೆ, ‘ಇವರಿಗೆ ಮಾಲ್ ಅಂದ್ರೆ ಜಾತ್ರೆ’ ಅಂತ. ಏಪ್ರಿಲ್ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಸುಳಿದಾಡುವಾಗ ತಾಳಲಾರದೆ ಒಳಹೊಕ್ಕವರು, ಸಿನಿಮಾಕ್ಕೆ ಇನ್ನೂ ಹೊತ್ತಿದೆ ಎಂದು ಸುತ್ತುವವರು, ಹಾಸ್ಟೆಲ್‌ನಿಂದ ಗುಂಪಾಗಿ ಬಂದ ಹುಡುಗಿಯರು, ಜಗಳೂರು ಕಡೆಯಿಂದ ಆಸ್ಪತ್ರೆ ಕೆಲಸಕ್ಕೆ ಬಂದು ಸಂಜೆ ಬಸ್ಸಿನವರೆಗೆ ಹೇಗೋ ಕಾಲ ದೂಡಬೇಕಾದವರು. ಆ ‘ಏನೂ ಕೊಳ್ಳದ’ ಮಂದಿ ಇವರೇ. ನನ್ನ ಪ್ರಕಾರ ಆ ಕಟ್ಟಡದ ಬೆಲೆಯನ್ನು ಸರಿಯಾಗಿ ಕಟ್ಟಿದವರೂ ಇವರೇ. ಅವರು ಅಲ್ಲಿಗೆ ಹೋಗುವುದು ತಂಪಿಗೆ, ಚೊಕ್ಕಟವಾದ ಶೌಚಾಲಯಕ್ಕೆ, ಮೊಣಕೈಗೆ ಬೈಕಿನ ಕನ್ನಡಿ ತಾಗದಂತೆ ನಾಲ್ಕು ಹೆಜ್ಜೆ ನಡೆಯುವುದಕ್ಕೆ. ಒಂದು ದೊಡ್ಡ ಕಟ್ಟಡ ಊರಿಗೆ ಏನು ಕೊಟ್ಟಿತು ಎಂದು ಕೇಳುವಾಗ ಅದರ ಗಾಜು, ಗ್ರಾನೈಟ್, ಅಂತಸ್ತುಗಳ ಲೆಕ್ಕ ಬಿಟ್ಟು ಈ ಮಂದಿಗೆ ಅದು ಏನು ಕೊಡುತ್ತದೆ, ಯಾವ ಷರತ್ತಿನ ಮೇಲೆ ಕೊಡುತ್ತದೆ ಎಂದು ಕೇಳಬೇಕು.

ಷರತ್ತುಗಳು ಕಟ್ಟಡದ ನಕ್ಷೆಯಲ್ಲೇ ಇವೆ. ಬೆಂಗಳೂರಿನ ಯಾವುದೇ ದೊಡ್ಡ ಮಾಲನ್ನು ನೆನಪು ಮಾಡಿಕೊಳ್ಳಿ: 2004ರ ಕೋರಮಂಗಲದ ಫೋರಂ, 2010ರ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್, ಆಮೇಲೆ ಬಂದ ಒರಾಯನ್, ಲುಲು, ಮಾಲ್ ಆಫ್ ಏಷ್ಯಾ. ಹೆಸರು ಬೇರೆ, ಒಡಲು ಒಂದೇ. ನಡುವೆ ನೆಲದಿಂದ ಸೂರಿನವರೆಗೆ ಖಾಲಿ ಬಿಟ್ಟ ಅಂಗಳ, ಅದರ ಮೇಲೆ ಗಾಜಿನ ಮಾಡು. ಅಂಗಳದ ಸುತ್ತ ಪ್ರತಿ ಮಹಡಿಯಲ್ಲೂ ಹಾದಿ, ಹಾದಿಯ ಮಗ್ಗುಲಿಗೆ ಅಂಗಡಿ ಸಾಲು. ಎರಡು ತುದಿಗಳಲ್ಲಿ ಜನರನ್ನು ಸೆಳೆಯುವ ದೊಡ್ಡ ಮಳಿಗೆಗಳು. ಅವುಗಳಿಗೆ ಚದರಡಿಗೆ ಕಡಿಮೆ ಬಾಡಿಗೆ, ನಡುವಿನ ಸಣ್ಣ ಅಂಗಡಿಗಳಿಗೆ ಹೆಚ್ಚು, ಏಕೆಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವವನ ಕಣ್ಣು ಬೀಳುವುದು ಈ ಸಣ್ಣವರ ಮೇಲೆ. ಒಂದು ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಮುಂದಿನದು ಎದುರಿಗೇ ಸಿಗುವುದಿಲ್ಲ. ಅರ್ಧ ಸುತ್ತು ಹಾಕಿದರೆ ಸಿಗುತ್ತದೆ. ಶೌಚಾಲಯ ಉದ್ದನೆಯ ಓಣಿಯ ಕೊನೆಗೆ. ಊಟದ ಅಂಗಳ ಮೇಲಿನ ಮಹಡಿಯಲ್ಲಿ, ಅದಕ್ಕೂ ಮೇಲೆ ಸಿನಿಮಾ. ಸಿನಿಮಾ ಮೇಲಿರುವುದಕ್ಕೆ ಎಂಜಿನಿಯರ್ ಕೊಡುವ ಕಾರಣವೂ ಸರಿಯಾದದ್ದೇ: ಚಿತ್ರಮಂದಿರದ ನಡುವೆ ಕಂಬ ನಿಲ್ಲಿಸುವಂತಿಲ್ಲ, ಕಂಬವಿಲ್ಲದ ಅಗಲವಾದ ಹಜಾರದ ಮೇಲೆ ಮತ್ತೆ ಮಹಡಿಗಳನ್ನು ಹೊರಿಸುವುದು ದುಬಾರಿ. ಆದರೆ ಚಿತ್ರ ಮುಗಿಸಿ ಇಳಿಯುವ ನೂರಾರು ಜನ ಎಲ್ಲ ಅಂಗಡಿಗಳ ಮುಂದೆ ಹಾದೇ ಕೆಳಗೆ ಬರಬೇಕೆಂಬುದು ಮಾಲೀಕನ ಕಾರಣ. ಕಟ್ಟಡ ಎರಡೂ ಕಾರಣಗಳನ್ನು ಒಂದೇ ಕಾಂಕ್ರೀಟಿನಲ್ಲಿ ಎರಕ ಹೊಯ್ದಿರುತ್ತದೆ.

ಕಿಟಕಿ ಇರುವುದಿಲ್ಲ. ಗೋಡೆಯೆಲ್ಲ ಸರಕು ಇಡಲು ಬೇಕು. ಹೊರಗಿನ ಬೆಳಕು ಬಂದರೆ ಅಂಗಡಿಯ ದೀಪದ ಜಾದೂ ಕೆಡುತ್ತದೆ. ಗಡಿಯಾರವೂ ಕಾಣುವುದಿಲ್ಲ. ನಮ್ಮ ಹಳೇ ದಾವಣಗೆರೆಯ ಪೇಟೆ ತನ್ನ ಗುರುತಿಗೆ ಇಟ್ಟುಕೊಂಡಿದ್ದೇ ಗಡಿಯಾರ ಕಂಬವನ್ನು. ದಲ್ಲಾಲಿಗೂ ಹಮಾಲಿಗೂ ಹಳ್ಳಿಗೆ ಮರಳುವ ರೈತನಿಗೂ ಹೊತ್ತು ತಿಳಿಯಬೇಕಿತ್ತು. ವ್ಯಾಪಾರ ಎರಡೂ ಕಡೆ ನಡೆಯುತ್ತದೆ. ಒಂದು ಕಡೆ ಗಿರಾಕಿಗೆ ಮನೆಗೆ ಹೋಗಬೇಕೆಂಬುದನ್ನು ನೆನಪಿಸುವ ಕಂಬ, ಇನ್ನೊಂದು ಕಡೆ ಅದನ್ನು ಮರೆಸುವ ಏರ್ಪಾಡು.

ಈ ನಕ್ಷೆಯ ತವರು ಬೇರೆ ಹವೆ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಅಮೆರಿಕಕ್ಕೆ ಬಂದ ಯಹೂದಿ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯನ್ 1956ರಲ್ಲಿ ಮಿನೆಸೋಟ ರಾಜ್ಯದ ಎಡೈನಾ ಎಂಬಲ್ಲಿ ಸೌತ್‌ಡೇಲ್ ಸೆಂಟರ್ ಕಟ್ಟಿದ. ಅಲ್ಲಿ ಚಳಿಗಾಲ ಹಿಮದ್ದು, ಬೇಸಿಗೆ ಧಗೆಯದ್ದು. ಆದ್ದರಿಂದ ಇಡೀ ಪೇಟೆಬೀದಿಯನ್ನೇ ಸೂರಿನಡಿ ತಂದು, ವರ್ಷವಿಡೀ ಸುಮಾರು 24 ಡಿಗ್ರಿ ಇರುವಂತೆ ಮಾಡಿದ. ನಡು ಅಂಗಳದಲ್ಲಿ ಗಿಡಮರ, ಎತ್ತರದ ಪಂಜರದಲ್ಲಿ ಹಕ್ಕಿಗಳು, ಬೆಂಚುಗಳು. ಅವನ ಮನಸ್ಸಿನಲ್ಲಿದ್ದದ್ದು ವಿಯೆನ್ನಾದ ಚೌಕ. ಕಾರಿನಿಂದ ಹರಿದುಹಂಚಿಹೋದ ಅಮೆರಿಕದ ಬಡಾವಣೆಗಳಿಗೆ ಒಂದು ಕೂಡುವ ತಾಣ ಕೊಡುವ ಆಸೆ. ಸುತ್ತಲೂ ಮನೆ, ಶಾಲೆ, ಆಸ್ಪತ್ರೆ, ಕೆರೆ ಬರಬೇಕೆಂದು ಯೋಜಿಸಿದ್ದ. ಬಂದದ್ದು ಕಾರು ನಿಲ್ಲಿಸುವ ಬಯಲು. ಮುಂದಿನವರು ಅವನ ಲೆಕ್ಕದಲ್ಲಿ ಬಾಡಿಗೆ ತರುವ ಭಾಗವನ್ನು ಉಳಿಸಿಕೊಂಡು ಉಳಿದದ್ದನ್ನು ಹೊಡೆದುಹಾಕಿದರು. ಕೊನೆಗಾಲದಲ್ಲಿ ಗ್ರೂಯನ್ ವಿಯೆನ್ನಾಕ್ಕೆ ಮರಳಿದ, ತನ್ನ ಹೆಸರಿನಲ್ಲಿ ಹುಟ್ಟಿದ ಮಾಲ್‌ಗಳಿಗೂ ತನಗೂ ಸಂಬಂಧವಿಲ್ಲವೆಂದು ಬಹಿರಂಗವಾಗಿಯೇ ಕೈತೊಳೆದುಕೊಂಡ. 1976ರಲ್ಲಿ ಆ ಊರಿನ ಅಂಚಿಗೂ ಒಂದು ದೊಡ್ಡ ಮಾಲ್ ಬಂತು. ಗ್ರಾಹಕ ತಾನು ಏನು ಕೊಳ್ಳಲು ಬಂದೆ ಎಂಬುದನ್ನು ಮರೆತು ಸುಮ್ಮನೆ ತೇಲತೊಡಗುವ ಕ್ಷಣಕ್ಕೆ ಇವತ್ತಿಗೂ ಇಂಗ್ಲಿಷಿನಲ್ಲಿ ಅವನ ಹೆಸರೇ ಇದೆ. ಪಾಪ, ಆ ಕೀರ್ತಿ ಅವನು ಬೇಡಿದ್ದಲ್ಲ.

ಗಾಜಿನ ಮಾಡಿನ ವಂಶಾವಳಿ ಇನ್ನೂ ಹಳೆಯದು, ಅದರ ಒಂದು ಕವಲು ನಮ್ಮೂರಿಗೂ ಬಂದಿದೆ. 1851ರ ಲಂಡನ್ ವಸ್ತುಪ್ರದರ್ಶನಕ್ಕೆ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ–ಗಾಜಿನ ಕ್ರಿಸ್ಟಲ್ ಪ್ಯಾಲೆಸ್ ಕಟ್ಟಿದ. ಜಗತ್ತಿನ ಸರಕನ್ನೆಲ್ಲ ಒಂದೇ ಗಾಜಿನ ಸೂರಿನಡಿ ಗುಡ್ಡೆ ಹಾಕಿ, ಜನರನ್ನು ಅದರ ನಡುವೆ ನಡೆಸಿ ಬೆರಗಾಗಿಸುವ ಕಲೆ ಅಲ್ಲಿ ಬಲಿಯಿತು. ಅದೇ ಮಾದರಿಯಲ್ಲಿ 1889ರಲ್ಲಿ ಲಾಲ್‌ಬಾಗಿನ ಗಾಜಿನಮನೆಗೆ ಬುನಾದಿ ಬಿತ್ತು. ಲಾಲ್‌ಬಾಗಿನದನ್ನು ನೋಡಿ ದಾವಣಗೆರೆಯ ಗಾಜಿನಮನೆ ಎದ್ದಿತು. ಹೀಗೆ ಒಂದೇ ಅಜ್ಜನ ಮೊಮ್ಮಕ್ಕಳು ನಮ್ಮೂರಲ್ಲಿ ಎರಡು ವೇಷದಲ್ಲಿದ್ದಾರೆ: ಹೂವು ತೋರಿಸುವ ಸರ್ಕಾರಿ ಗಾಜಿನಮನೆ, ಬಟ್ಟೆ ತೋರಿಸುವ ಖಾಸಗಿ ಅಂಗಳ. ಲಂಡನ್ನಿಗೆ ಬಿಸಿಲು ಅಪರೂಪದ ಅತಿಥಿ, ಅದನ್ನು ಹಿಡಿದಿಡಲು ಗಾಜು ಬೇಕಿತ್ತು. ಬೆಂಗಳೂರಿನ ಹವೆ ಹೇಗೋ ಸಹಿಸಿಕೊಂಡಿತು. ಬಯಲುಸೀಮೆಯ ಅಂಚಿನ ದಾವಣಗೆರೆಗೆ ಬಿಸಿಲು ಹಿಡಿದಿಟ್ಟುಕೊಳ್ಳಬೇಕಾದ ಕಷ್ಟವೇನೂ ಇಲ್ಲ. ಆದರೂ ಪಿ.ಬಿ. ರಸ್ತೆಯುದ್ದಕ್ಕೆ, ಹರಿಹರದವರೆಗೂ, ಹೊಸದಾಗಿ ಎದ್ದ ವಾಣಿಜ್ಯ ಕಟ್ಟಡಗಳ ಮುಖ ನೋಡಿ. ನೀಲಿ ಗಾಜು, ಮಿರುಗುವ ಅಲ್ಯೂಮಿನಿಯಂ ಹೊದಿಕೆಯ ಎಸಿಪಿ ಹಾಳೆ. ಪಡುವಣ ಬಿಸಿಲಿಗೆ ಎದೆಯೊಡ್ಡಿ ನಿಂತ ಗಾಜಿನ ಹಿಂದೆ ಪರದೆ ಇಳಿಬಿಟ್ಟು, ಹಗಲೇ ಟ್ಯೂಬ್‌ಲೈಟ್ ಹಾಕಿ, ಏಸಿ ಓಡಿಸುತ್ತಾರೆ. ದೇಶದ ಇಂಧನ ಮಿತವ್ಯಯ ಕಟ್ಟಡ ಸಂಹಿತೆ 2017ರ ಆವೃತ್ತಿಯಲ್ಲಿ ವಾಣಿಜ್ಯ ಕಟ್ಟಡದ ಗೋಡೆಯ ಒಟ್ಟು ವಿಸ್ತಾರದಲ್ಲಿ ಗಾಜಿನ ಪಾಲು ಶೇ. 40 ಮೀರಬಾರದೆಂದು, ಸಿದ್ಧ ಮಾನದಂಡಗಳ ದಾರಿ ಹಿಡಿದವರಿಗೆ, ಮಿತಿ ಹಾಕಿತ್ತು. ನಮ್ಮ ಹಳೆಯ ಗಾರೆ ಮೇಸ್ತ್ರಿಗೆ ಸಂಹಿತೆ ಗೊತ್ತಿರಲಿಲ್ಲ. ಪಡುವಣಕ್ಕೆ ಗೋಡೆ ದಪ್ಪ ಇರಲಿ, ಕಿಟಕಿ ಚಿಕ್ಕದಿರಲಿ, ಮೇಲೊಂದು ಸಜ್ಜಾ ಬರಲಿ ಎಂಬುದು ಮಾತ್ರ ಗೊತ್ತಿತ್ತು.

ಇಲ್ಲಿ ಒಳಾಂಗಣದ ಬಗ್ಗೆ ದಾವಣಗೆರೆಗೇ ವಿಶೇಷವಾದ ಒಂದು ಸಾಕ್ಷಿ ಇದೆ, ಜವಳಿ ಅಂಗಡಿ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ಇದು. ಗಿರಣಿಗಳು ಮುಚ್ಚಿದರೂ ಬಟ್ಟೆಯ ಹೆಸರು ಉಳಿಯಿತು. ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ರಾಣೆಬೆನ್ನೂರು ಕಡೆಯವರು ಮದುವೆ ನಿಶ್ಚಯವಾದ ಕೂಡಲೇ ‘ಜವಳಿ ತೆಗೆಯಲು’ ದಾವಣಗೆರೆಗೆ ಬರುತ್ತಾರೆ. ಬರುವವರು ಇಬ್ಬರು ಮೂವರಲ್ಲ. ಹುಡುಗನ ಕಡೆ, ಹುಡುಗಿಯ ಕಡೆ, ಸೋದರತ್ತೆ, ದೊಡ್ಡಮ್ಮ, ಬೆಲೆ ಚೌಕಾಸಿಗೆಂದೇ ಕರೆತಂದ ಮಾವ, ಮಡಿಲಲ್ಲಿ ಕೂಸು. ಹಳೆಯ ಪದ್ಧತಿಯ ಅಂಗಡಿಯಲ್ಲಿ ನೆಲದ ಮೇಲೆ ಗಾದಿ, ಅದರ ಮೇಲೆ ಬಿಳಿ ಹಾಸು. ಚಪ್ಪಲಿ ಹೊರಗೆ. ‘ಬರ್ರಿ, ಕುಂದರ್ರಿ’ ಎಂಬ ಮಾತಿನಿಂದಲೇ ವ್ಯಾಪಾರ ಶುರು. ಸೀರೆ ಬಿಚ್ಚುವವನು ಕೂತೇ ಬಿಚ್ಚಬೇಕು, ನೋಡುವವರು ಕೂತೇ ನೋಡಬೇಕು. ನಲವತ್ತು ಸೀರೆ ಬಿಚ್ಚಿಸಿ ಎರಡು ತೆಗೆದುಕೊಂಡರೂ ಯಾರೂ ಮುಖ ಸಿಂಡರಿಸುವುದಿಲ್ಲ, ಸಿಂಡರಿಸಿದರೆ ಮುಂದಿನ ಮದುವೆಯ ಜವಳಿ ಪಕ್ಕದ ಅಂಗಡಿಗೆ. ನಡುವೆ ಚಹಾ. ಅಜ್ಜಿ ಮೂಲೆಯಲ್ಲಿ ದಿಂಬಿಗೆ ಒರಗಿದ್ದಾಳೆ, ಕೂಸು ಬಿಚ್ಚಿದ ಸೀರೆಗಳ ರಾಶಿಯ ಪಕ್ಕ ಮಲಗಿದೆ. ಗಾದಿ ಇಲ್ಲಿ ಅಲಂಕಾರದ ವಸ್ತುವಲ್ಲ. ಹತ್ತು ಜನ ಕೂಡಿ ಒಂದು ನಿರ್ಧಾರಕ್ಕೆ ಬರುವ ವ್ಯವಹಾರಕ್ಕೆ ಅದು ತಕ್ಕ ಪೀಠ.

ಇದೇ ಜವಳಿ ತಂಡವನ್ನು ಮಾಲ್‌ನ ಬ್ರ್ಯಾಂಡ್ ಅಂಗಡಿಗೆ ಕರೆದೊಯ್ಯಿರಿ. ಹ್ಯಾಂಗರ್ ಸಾಲಿನ ನಡುವಿನ ಹಾದಿ ಒಬ್ಬರು ದಾಟುವಷ್ಟು. ಕೂರಲು ಒಂದು ಸಣ್ಣ ಮೆತ್ತೆಪೀಠ, ಬಟ್ಟೆ ತೊಟ್ಟುನೋಡುವ ಕೋಣೆಯ ಹೊರಗೆ. ಅಲ್ಲಿ ಕೊಳ್ಳುವವರು ಒಬ್ಬೊಬ್ಬರೇ: ಒಂದು ದೇಹ, ಒಂದು ಕನ್ನಡಿ, ಒಂದು ಕಾರ್ಡು. ಮನೆಮಂದಿಯೆಲ್ಲ ಒಟ್ಟಿಗೆ ಕೊಳ್ಳುವುದನ್ನು ಆ ನಕ್ಷೆ ಎಣಿಕೆಗೇ ತೆಗೆದುಕೊಂಡಿಲ್ಲ. ಆದ್ದರಿಂದಲೇ ನಮ್ಮ ಊರಿನ ದೊಡ್ಡ ಜವಳಿ ಮಳಿಗೆಗಳು ಏಸಿ, ಲಿಫ್ಟು, ಗಾಜು ಎಲ್ಲವನ್ನೂ ಮಾಲ್‌ನಿಂದ ಕಲಿತರೂ ರೇಷ್ಮೆ ಸೀರೆಯ ವಿಭಾಗದಲ್ಲಿ ಗಾದಿಯನ್ನೋ ಅದರ ಬದಲಿಗೆ ಕುರ್ಚಿಸಾಲನ್ನೋ ಬಿಟ್ಟಿಲ್ಲ. ವಾಸ್ತುಶಿಲ್ಪದ ಪಾಠ ಯಾರಿಂದ ಯಾರು ಕಲಿಯಬೇಕೆಂಬ ಪ್ರಶ್ನೆ ಬಂದಾಗ ನಾನು ಈ ಮಳಿಗೆಗಳ ಕಡೆಗೆ ಕೈ ತೋರಿಸುತ್ತೇನೆ.

ಹಾಗೆಂದು ಹಳೆಯ ಪೇಟೆಯನ್ನು ಹಾಡಿಹೊಗಳುವ ಗುಂಪಿಗೆ ನಾನು ಸೇರಲಾರೆ. ಮಂಡಿಪೇಟೆ, ಚೌಕಿಪೇಟೆಗಳ ಬೀದಿ ರಮ್ಯವಾಗಿ ಕಾಣುವುದು ಗಂಡಸರ ಕಣ್ಣಿಗೆ. ಹಳ್ಳಿಯಿಂದ ಬಂದ ಹೆಂಗಸು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಸಂಜೆಯವರೆಗೆ ಪೇಟೆ ಸುತ್ತುವುದೇಕೆ ಎಂದು ಕೇಳಿದರೆ ಆ ರಮ್ಯತೆ ಇಳಿದುಹೋಗುತ್ತದೆ. ಗಾಲಿಕುರ್ಚಿಯಲ್ಲಿರುವವರಿಗೆ ನಮ್ಮ ಕಾಲುದಾರಿಗಳು ಇದ್ದೂ ಇಲ್ಲದಂತೆ. ಇಬ್ಬರು ಹುಡುಗಿಯರು ಪೇಟೆಯ ಯಾವ ಕಟ್ಟೆಯ ಮೇಲಾದರೂ ಒಂದು ಗಂಟೆ ಹರಟುತ್ತ ಕೂರಲಿ ನೋಡೋಣ. ಹತ್ತು ನಿಮಿಷದಲ್ಲಿ ಯಾರ ಮನೆಯವರು, ಯಾಕೆ ಕೂತಿದ್ದಾರೆ ಎಂಬ ವಿಚಾರಣೆ ಶುರುವಾಗುತ್ತದೆ. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಂದ ತುಂಬಿದ ಈ ವಿದ್ಯಾರ್ಥಿಗಳ ಊರಿನಲ್ಲಿ ಆ ವಿಚಾರಣೆಯಿಲ್ಲದೆ ಹೆಣ್ಣುಮಕ್ಕಳು ನಿಲ್ಲಬಹುದಾದ ಜಾಗಗಳು ಬೆರಳೆಣಿಕೆಯವು. ಎಸ್.ಎಸ್. ಮಾಲ್‌ನಂಥವು ಬಂದಾಗ ಊರಿನ ಹಿರಿಯರು ‘ಹುಡುಗರು ಕೆಡ್ತಾರೆ’ ಎಂದರೆ, ಹುಡುಗಿಯರು ಏನೂ ಹೇಳದೆ ಅಲ್ಲಿಗೆ ಹೋದರು. ಅಪರಿಚಿತರ ನಡುವೆ ಅಪರಿಚಿತಳಾಗಿ ಇರುವ ಹಕ್ಕು ಎಷ್ಟು ದೊಡ್ಡದೆಂಬುದು ಅದಿಲ್ಲದ ಊರುಗಳಲ್ಲಿ ಬೆಳೆದವರಿಗೇ ಗೊತ್ತು.

ಆ ಹಕ್ಕನ್ನು ಮಾಲ್ ಕೊಡುವುದು ಸಾಲವಾಗಿ. ಬೇಕೆಂದಾಗ ಹಿಂದಕ್ಕೆ ಪಡೆಯುತ್ತದೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದದ್ದು ನೆನಪಿರಬಹುದು. ಕೈಯಲ್ಲಿ ಟಿಕೆಟ್ ಇತ್ತು. ವಿಷಯ ವಿಧಾನಸಭೆಯವರೆಗೆ ಹೋಯಿತು, ಸರ್ಕಾರ ಏಳು ದಿನ ಆ ಮಾಲ್ ಮುಚ್ಚಿಸುವ ತೀರ್ಮಾನ ಪ್ರಕಟಿಸಿತು. ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರದವರು ಕಾಲಿಡುವುದೇ ಹಾವೇರಿ ಜಿಲ್ಲೆಗೆ. ನಮ್ಮ ಸಂತೆಗಳಲ್ಲಿ, ಎಪಿಎಂಸಿ ಅಂಗಳದಲ್ಲಿ ದಿನವೂ ಕಾಣುವ ಉಡುಗೆ ಅದು. ಎಲ್ಲರೂ ಕಾವಲುಗಾರನನ್ನು ಬೈದರು. ನನಗೆ ಕಾಣುವುದು ಬಾಗಿಲು. ನಾಲ್ಕು ದಿಕ್ಕಿಗೂ ಗೋಡೆ ಎಬ್ಬಿಸಿ ಒಂದೋ ಎರಡೋ ಬಾಯಿ ಬಿಟ್ಟ ಕಟ್ಟಡಕ್ಕೆ ಲೋಹಶೋಧಕ ಬೇಕು, ಅದರ ಪಕ್ಕ ಒಬ್ಬ ಬೇಕು, ಅವನಿಗೆ ಯಾರನ್ನು ಬಿಡಬೇಕು ಬಿಡಬಾರದೆಂಬ ಒಂದು ಅಂದಾಜು ಬೇಕು. ಬೀದಿಗೆ ತೆರೆದ ಅಂಗಡಿ ಸಾಲಿನಲ್ಲಿ ಪಂಚೆಯನ್ನು ತಡೆಯಲು ಯಾರಿಗೂ ನಿಲ್ಲಲು ಜಾಗವೇ ಇರುತ್ತಿರಲಿಲ್ಲ.

ಹರಿಹರದ ಹರಿಹರೇಶ್ವರ ದೇವಾಲಯದ ಮಂಟಪವನ್ನು ಈ ಕಣ್ಣಿನಿಂದ ನೋಡುವುದು ಒಳ್ಳೆಯದು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. 1268ರಲ್ಲಿ ಸೋಮನೆಂಬ ಇನ್ನೊಬ್ಬ ದಂಡನಾಯಕ ವಿಸ್ತರಿಸಿದ. ಹೊರಗೋಡೆ ಎದೆಮಟ್ಟಕ್ಕೂ ಇಲ್ಲ, ಸುಮಾರು ಒಂದು ಮೀಟರ್ ಅಷ್ಟೆ. ಅದರ ಮೇಲೆ ಕಡೆದ ಅರೆಗಂಬಗಳು ಎದ್ದು ಚಾವಣಿಯ ಅಂಚನ್ನು ಹೊತ್ತಿವೆ. ಒಳಗೆ ಚರಕಿಗೆ ಕೊಟ್ಟು ತಿರುಗಿಸಿದಂಥ ನುಣುಪಿನ ಪೂರ್ಣ ಕಂಬಗಳು, ಮೇಲೆ ತಾವರೆ ಬಿಡಿಸಿದ ಒಳಮಾಡು. ಗೋಡೆಯ ರೇಖೆ ನೇರವಾಗಿಲ್ಲ, ಮೂಲೆಯಿಂದ ಮೂಲೆಗೆ ಮುರಿಮುರಿದು ಸಾಗುತ್ತದೆ. ಆದ್ದರಿಂದ ಅಂಚು ಉದ್ದವಾಗುತ್ತದೆ, ಗಾಳಿ–ಬೆಳಕು ಹಲವು ದಿಕ್ಕಿನಿಂದ ನುಗ್ಗುತ್ತದೆ. ಹೊಯ್ಸಳರ ಇಂಥ ತೆರೆದ ಮಂಟಪಗಳಲ್ಲಿ ಅಂಚಿನುದ್ದಕ್ಕೂ ಬೆನ್ನೊರಗಿಸಿ ಕೂರುವ ಕಕ್ಷಾಸನ ಇರುವುದು ವಾಡಿಕೆ. ಕೂರುವ ಜಾಗ ಆಮೇಲೆ ತಂದಿಟ್ಟ ಪೀಠೋಪಕರಣವಲ್ಲ, ಗೋಡೆಯೇ ಆಸನ. ಹೊರಗಿನ ಬಿಸಿಲು ಕಲ್ಲಿನ ದಪ್ಪದಲ್ಲಿ ಸವೆದು ಒಳಗೆ ತಂಪಾಗುತ್ತದೆ. ಎಂಟುನೂರು ವರ್ಷದಲ್ಲಿ ಇದಕ್ಕೆ ಒಂದು ರೂಪಾಯಿಯ ಕರೆಂಟು ಬಿಲ್ ಬಂದಿಲ್ಲ.

ಆದರೆ ದೇವಸ್ಥಾನಕ್ಕೂ ಹೊಸ್ತಿಲಿತ್ತು. ಆ ಆಸನದಲ್ಲಿ ಯಾರು ಕೂರಬಹುದಿತ್ತು, ಯಾರು ಹೊರಗೆ ನಿಲ್ಲಬೇಕಿತ್ತು ಎಂಬ ಕಟ್ಟುಪಾಡು ಯಾವ ಕಾವಲುಗಾರನಿಗಿಂತ ಕ್ರೂರವಾಗಿತ್ತು. ಜೇಬಿನಲ್ಲಿ ದುಡ್ಡಿದ್ದರೆ ಜಾತಿ ಕೇಳುವುದಿಲ್ಲವೆಂಬ ಮಾಲ್‌ನ ಮಾತಿನಲ್ಲಿ ಸುಳ್ಳಿನ ಜೊತೆ ಒಂದಿಷ್ಟು ನಿಜವೂ ಇದೆ. ಕಟ್ಟುವ ಜಾಣ್ಮೆಯನ್ನು ಪೋಲಾಳ್ವನಿಂದ, ಒಳಬಿಡುವ ರೀತಿಯನ್ನು ಸಂವಿಧಾನದಿಂದ ಕಲಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಬೆಂಕಿಯ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಇದರಲ್ಲಿ ವಾದಕ್ಕೆ ಜಾಗವಿಲ್ಲ. ನಡು ಅಂಗಳ ಚೆಲುವಾದದ್ದೇ. ಕೆಳಗೆ ಹೊಗೆ ಎದ್ದರೆ ಅದೇ ಚಿಮಣಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಲಿಫ್ಟನ್ನೂ ಎಸ್ಕಲೇಟರನ್ನೂ ಪಾರಾಗುವ ದಾರಿಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಮಾಲ್‌ಗೆ ಹೋದವರಿಗೆ ಗೊತ್ತಿರುವ ದಾರಿ ಅವೆರಡೇ. ನಿಜವಾದ ಮೆಟ್ಟಿಲು ಬೂದು ಬಾಗಿಲ ಹಿಂದೆ, ಎಷ್ಟೋ ಸಲ ರಟ್ಟಿನ ಡಬ್ಬಗಳ ಹಿಂದೆ. 1997ರ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. 2024ರ ಮೇ ತಿಂಗಳಲ್ಲಿ ರಾಜ್‌ಕೋಟ್‌ನ ಆಟದ ತಾಣವೊಂದರಲ್ಲಿ ಮಕ್ಕಳು ಸುಟ್ಟುಹೋದರು. ಮುಂದಿನ ಸಲ ಸಿನಿಮಾಕ್ಕೆ ಹೋದಾಗ ಇಳಿಯುವಾಗ ಒಮ್ಮೆ ಮೆಟ್ಟಿಲು ಹುಡುಕಿ ಇಳಿಯಿರಿ.

ಹಾಗಾದರೆ ದಾವಣಗೆರೆಗೆ ಬೇಕಾದದ್ದೇನು? ಮುಂಬೈಯ ಫೀನಿಕ್ಸ್ ಮಿಲ್ಸ್ 1905ರಲ್ಲಿ ಹತ್ತಿ ಗಿರಣಿಯಾಗಿ ಹುಟ್ಟಿದ ಕಂಪನಿ; ಇವತ್ತು ಅದೇ ಹೆಸರಿನಲ್ಲಿ ಅದು ದೇಶದ ತುಂಬ ಮಾಲ್ ನಡೆಸುತ್ತದೆ, ಬೆಂಗಳೂರಿನಲ್ಲೂ. ಹತ್ತಿಯ ಊರಾದ ನಮಗೂ ಅದೇ ದಾರಿ ಎಂದು ಹೇಳುವವರಿದ್ದಾರೆ. ಮಾಲ್ ಬರುವುದಕ್ಕೆ ನನ್ನ ತಕರಾರಿಲ್ಲ. ಬರುವಾಗ ನಾವು ಕೇಳುವ ಪ್ರಶ್ನೆಗಳು ತೀರ ಬಡವಾಗಿವೆ ಎಂಬುದು ತಕರಾರು. ವಾಣಿಜ್ಯ ಕಟ್ಟಡಕ್ಕೆ ಪರವಾನಗಿ ಕೊಡುವ ನಿಯಮಗಳು ಇಷ್ಟು ಚದರ ಮೀಟರಿಗೆ ಇಷ್ಟು ಕಾರಿನ ಜಾಗ ಎಂದು ಲೆಕ್ಕ ಕೊಡುತ್ತವೆ. ನೆಲಮಾಳಿಗೆಯಲ್ಲಿ ಒಂದೊಂದು ಕಾರಿಗೂ ಬಿಳಿಗೆರೆ ಎಳೆದು ಅಂಕಿ ಬರೆದಿರುತ್ತದೆ. ಮನುಷ್ಯರು ಕೂರುವ ಜಾಗಕ್ಕೆ ಅಂಥ ಲೆಕ್ಕವಿಲ್ಲ. ಊಟದ ಅಂಗಳದಲ್ಲಿ ಕುರ್ಚಿಗಳಿವೆ, ನಿಜ. ಆದರೆ ತಟ್ಟೆ ಎದುರಿಗಿಲ್ಲದೆ ಅಲ್ಲಿ ಕೂತವರ ಮೇಜನ್ನು ಒರೆಸಲು ಬಟ್ಟೆ ಹಿಡಿದವನು ಮೂರು ಸಲ ಬರುತ್ತಾನೆ.

ಆದ್ದರಿಂದ ಲೆಕ್ಕ ಹಾಕೋಣ. ಇಂತಿಷ್ಟು ಕಾರಿನ ಜಾಗಕ್ಕೆ ಇಂತಿಷ್ಟು ಆಸನ, ಏನೂ ಕೊಳ್ಳದೆ ಕೂರಬಹುದಾದದ್ದು. ರಸ್ತೆಗೆ ಮುಖ ಮಾಡಿದ ನೆಲಮಹಡಿಯಲ್ಲಿ ಗಾಜಿನ ಬದಲು ಅಗಲವಾದ ಪಡಸಾಲೆ, ಅದಕ್ಕೆ ತೆರೆದ ಅಂಗಡಿ ಸಾಲು. ಲೋಹಶೋಧಕ ಬೇಕಿದ್ದರೆ ಒಳ ಅಂಗಳಕ್ಕೆ ಇರಲಿ, ಪಡಸಾಲೆಗೆ ಬೇಡ. ಅಲ್ಲೇ ಹೊರಗಿನವರಿಗೂ ತೆರೆದ ಶೌಚಾಲಯ, ಕುಡಿಯುವ ನೀರು. ಪಡುವಣ ಮುಖಕ್ಕೆ ಸಜ್ಜಾ. ಮಾಲೀಕರು ಕೂತವರು ಕೊಳ್ಳುವುದಿಲ್ಲ ಎನ್ನುತ್ತಾರೆ. ಮಾಲ್ ಎಂಬ ಕಟ್ಟಡದ ಮೂಲಪುರುಷನೇ ನಡು ಅಂಗಳದಲ್ಲಿ ಬೆಂಚು ಹಾಕಿದ್ದ. ಗಾದಿ ಹಾಸಿದ ಜವಳಿ ಅಂಗಡಿಗಳು ನಮ್ಮೂರಿನಲ್ಲಿ ತಲೆಮಾರುಗಳಿಂದ ಲಾಭದಲ್ಲೇ ನಡೆದಿವೆ. ಇನ್ನು, 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾದ ಊರು ನಮ್ಮದು. ಖಾಸಗಿಯವರಿಗೆ ಈ ನಿಯಮ ಹೇಳುವ ಮೊದಲು ಮಂಡಿಪೇಟೆಯ ಒಂದು ಬೀದಿಯನ್ನಾದರೂ ಆಯ್ದುಕೊಂಡು ಅದಕ್ಕೆ ನೆರಳು, ಬೆಂಚು, ಹೆಂಗಸರ ಶೌಚಾಲಯ, ಏರುಪೇರಿಲ್ಲದ ಕಾಲುದಾರಿ ಇಷ್ಟನ್ನು ಕೊಟ್ಟು ಎರಡು ಬೇಸಿಗೆ ನಡೆಸಿ ತೋರಿಸುವುದು ಪಾಲಿಕೆಯ ಪಾಲಿನ ಕೆಲಸ. ಗಾಜಿಗಿಂತ ಕಡಿಮೆ ಖರ್ಚಿನದು.